ಮುಟ್ಟಿದರೆ ಮುನಿಯುವ ಮನಸ್ಸಿಗೆ ಹತ್ತಿರದ ನಾಳೆ ಬೇಕು

ಕೊಯಮತ್ತೂರಿನ ಪೀಳಮೇಡಿನಲ್ಲಿ ಹತ್ತಿ, ನೂಲು, ಬಟ್ಟೆಯ ಬಗ್ಗೆ ಸಂಶೋಧನೆ ಮಾಡಲೆಂದೇ ಒಂದು ಸಂಸ್ಥೆ ಇದೆ. 1956ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ ಅದು. ಮಿಲ್ಲಿನವರ ಬಾಯಲ್ಲಿ ಸಿಟ್ರಾ. ನೂಲಿನ ಮಿಲ್ಲುಗಳಲ್ಲಿ ಒಂದು ಲೆಕ್ಕ ಇಡುತ್ತಾರೆ. ನೂರು ಕದಿರುಗಳು ಒಂದು ಗಂಟೆ ತಿರುಗಿದರೆ ಎಷ್ಟು ಸಲ ಎಳೆ ಕಡಿಯಿತು ಎಂಬ ಲೆಕ್ಕ. ಅದು ಏರಿದರೆ ಗಾಳಿಯಲ್ಲಿ ತೇವ ಎಷ್ಟಿದೆ, ಕದಿರಿನ ವೇಗ ಎಷ್ಟಿದೆ, ಎಳೆಯ ಮೇಲೆ ಬಿಗಿತ ಎಷ್ಟು ಬೀಳುತ್ತಿದೆ ಎಂದು ನೋಡುತ್ತಾರೆ. ನೂರನೇ ನಂಬರಿನ ಸಣ್ಣ ನೂಲು ಇಪ್ಪತ್ತನೇ ನಂಬರಿನ ದಪ್ಪ ನೂಲಿಗಿಂತ ಬೇಗ ಕಡಿಯುತ್ತದೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ನೂಲುತ್ತಾರೆ, ಏಕೆಂದರೆ ನಯವಾದ ಪಂಚೆಗೂ ಸೀರೆಗೂ ಅದೇ ಬೇಕು. ಆ ನೂಲಿಗೆ ತಕ್ಕಂತೆ ಕೋಣೆಯ ಹವೆಯನ್ನೂ ಯಂತ್ರದ ವೇಗವನ್ನೂ ಹೊಂದಿಸುತ್ತಾರೆ. ಈ ಸಂಸ್ಥೆ ಇರುವ ಅವಿನಾಶಿ ರಸ್ತೆಯ ಆಸುಪಾಸಿನಲ್ಲಿ ಪಿ.ಎಸ್.ಜಿ. ಕಾಲೇಜುಗಳಿವೆ, ಸಿ.ಐ.ಟಿ. ಇದೆ, ಕೃಷ್ಣಮ್ಮಾಳ್ ಮಹಿಳಾ ಕಾಲೇಜಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸಾಫ್ಟ್‌ವೇರ್ ಕಂಪನಿಗಳ ಟೈಡೆಲ್ ಪಾರ್ಕ್ ಇದೆ. ಮನೆ ಬಿಟ್ಟು ಹಾಸ್ಟೆಲ್ಲು, ಪಿಜಿಗಳಲ್ಲಿ ಉಳಿದ ಸಾವಿರಾರು ಎಳೆಯರಿದ್ದಾರೆ. ಅಲ್ಲಿ ಒಂದು ಜೀವ ಆತಂಕಕ್ಕೋ ಖಿನ್ನತೆಗೋ ಸಿಕ್ಕಿತೆಂದರೆ ಮಾತ್ರ ನಾವು ಹವೆಯನ್ನೂ ನೋಡುವುದಿಲ್ಲ, ಬಿಗಿತವನ್ನೂ ನೋಡುವುದಿಲ್ಲ. ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಹೇಳಿ ಮುಗಿಸುತ್ತೇವೆ.

ಬೇಗ ನೋಯುವವರಿಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಮುಟ್ಟಿದರೆ ಮುನಿ, ಅಳುಮುಂಜಿ, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವನು, ಪುಕ್ಕಲು. ಹೆಚ್ಚಿನವು ಬೈಗುಳಗಳೇ. ಸೂಕ್ಷ್ಮ ಮನಸ್ಸೇ ಕಾಯಿಲೆಯ ಬೇರು, ಅದನ್ನು ಒರಟಾಗಿಸಿದರೆ ಕಾಯಿಲೆ ಹೋಗುತ್ತದೆ ಎಂಬ ನಂಬಿಕೆ ಈ ಮಾತುಗಳ ಹಿಂದಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಸೂಕ್ಷ್ಮತೆ ತಾನಾಗಿ ರೋಗವನ್ನು ತರುವುದಿಲ್ಲ. ಆ ಸೂಕ್ಷ್ಮ ಮನಸ್ಸು ಯಾವ ಕಾಲದಲ್ಲಿ ವಾಸ ಮಾಡಬೇಕಾಗಿದೆ, ಅದರ ಮುಂದಿನ ನಾಳೆ ಎಷ್ಟು ದೂರದಲ್ಲಿದೆ, ಆ ನಾಳೆಗೆ ಎಷ್ಟು ಬಾಗಿಲುಗಳಿವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮತ್ತು ಆ ನಾಳೆಯನ್ನು ಅದು ಒಂಟಿಯಾಗಿ ಕಟ್ಟಿಕೊಳ್ಳುವುದಿಲ್ಲ. ಪರೀಕ್ಷಾ ಮಂಡಳಿ, ಮಿಲ್ಲಿನ ಕಚೇರಿ, ಸಾಲ ಕೊಟ್ಟವರು, ಮನೆಯ ಹಿರಿಯರು ಸೇರಿ ಕಟ್ಟಿಕೊಡುತ್ತಾರೆ.

ಸಮಸ್ಯೆಯ ಗಾತ್ರ ಚಿಕ್ಕದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದಾರೆ. ಖಿನ್ನತೆ ಇದ್ದವರಲ್ಲಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. 2017ರ ಅಂಕಿಅಂಶಗಳನ್ನು ಆಧರಿಸಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ದೇಶದಲ್ಲಿ ಖಿನ್ನತೆಯಿಂದ ಬಳಲುವವರು ಸುಮಾರು 4.57 ಕೋಟಿ, ಆತಂಕದ ಕಾಯಿಲೆಯವರು ಸುಮಾರು 4.49 ಕೋಟಿ. ಖಿನ್ನತೆಯ ಪಟ್ಟಿಯಲ್ಲಿ ತಮಿಳುನಾಡು ಮೇಲಿನ ಸಾಲಿನಲ್ಲಿದೆ. 2022ರಲ್ಲಿ ದೇಶದಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳಲ್ಲಿ 19,834 ತಮಿಳುನಾಡಿನವು, 13,606 ಕರ್ನಾಟಕದವು; ದೇಶದ ಒಟ್ಟು ಸಂಖ್ಯೆಯಲ್ಲಿ ನಾಲ್ಕನೇ ಒಂದಕ್ಕಿಂತ ಹೆಚ್ಚು ದಿನಗೂಲಿಯವರದು. ಒಂದು ಸಾವಿಗೆ ಒಂದೇ ಕಾರಣ ಎಂದೂ ಇರುವುದಿಲ್ಲ. ಆದರೂ ಶಾಲೆ, ಮಿಲ್ಲು, ಸಾಕ್ಷರತೆ ಎಲ್ಲವೂ ಚೆನ್ನಾಗಿರುವ ದಕ್ಷಿಣದಲ್ಲಿ ಈ ಸಂಖ್ಯೆಗಳು ಇಷ್ಟು ದೊಡ್ಡದಾಗಿರುವುದನ್ನು ಮನಸ್ಸಿನ ಗಟ್ಟಿತನದ ಕೊರತೆ ಎಂದು ವಿವರಿಸಲು ಹೋದರೆ, ನಾಲ್ಕೈದು ರಾಜ್ಯಗಳ ಜನರೆಲ್ಲ ಒಟ್ಟಿಗೆ ದುರ್ಬಲರಾದರು ಎನ್ನಬೇಕಾಗುತ್ತದೆ. ಅದು ನಂಬುವಂಥ ಮಾತಲ್ಲ.

ಮೊದಲು ಸೂಕ್ಷ್ಮತೆಯ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಆರನ್ ಮತ್ತು ಅವರ ಪತಿ ಆರ್ಥರ್ ಆರನ್ 1997ರಲ್ಲಿ ಇದನ್ನು ಅಳೆಯಲು 27 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಗದ್ದಲ, ಬೆಳಕು, ಹಸಿವು, ಬೇರೆಯವರ ಮುಖಭಾವ, ಒಂದೇ ಹೊತ್ತಿಗೆ ಬೀಳುವ ಹಲವು ಕೆಲಸ ಇವು ಎಷ್ಟು ಆಳವಾಗಿ ತಟ್ಟುತ್ತವೆ, ಒಳ್ಳೆಯ ಸಂಗೀತ ಎಷ್ಟು ಅಲುಗಿಸುತ್ತದೆ ಎಂದೆಲ್ಲ ಅದು ಕೇಳುತ್ತದೆ. ಈ ಪಟ್ಟಿಯಲ್ಲಿ ಹೆಚ್ಚು ಅಂಕ ಪಡೆದವರಲ್ಲಿ ಆತಂಕವೂ ಖಿನ್ನತೆಯೂ ಹೆಚ್ಚು ಎಂಬುದನ್ನು 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಬಂದ ವಿಶ್ಲೇಷಣೆ ತೋರಿಸಿತು. ಸಂಬಂಧ ಮಧ್ಯಮ ಮಟ್ಟದ್ದು. ಅಂದರೆ ಇದೆ, ಆದರೆ ಹಣೆಯಲ್ಲಿ ಬರೆದಷ್ಟು ಖಚಿತವೇನಲ್ಲ. ಇದರ ಇನ್ನೊಂದು ಮುಖ ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಕಡಿಮೆ. ಮೈಕೆಲ್ ಪ್ಲೂಸ್ ಮತ್ತು ಇಲೋನಾ ಬೋನಿವೆಲ್ ಲಂಡನ್ನಿನ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಖಿನ್ನತೆ ಬಾರದಂತೆ ತಡೆಯುವ ತರಗತಿಗಳು ನಡೆದಾಗ ಗಮನಿಸಿ, 2015ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ತರಗತಿಗಳಿಂದ ಖಿನ್ನತೆ ಇಳಿದದ್ದು ಸೂಕ್ಷ್ಮ ಸ್ವಭಾವದ ಹುಡುಗಿಯರಲ್ಲಿ, ಉಳಿದವರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಕೆಟ್ಟದ್ದು ಬೇಗ ತಟ್ಟುವ ಮನಸ್ಸಿಗೆ ಒಳ್ಳೆಯದೂ ಬೇಗ ತಟ್ಟುತ್ತದೆ. ಹಾಗಿರುವಾಗ ಆ ಮನಸ್ಸನ್ನು ಬಡಿದು ಒರಟು ಮಾಡಿದರೆ ನಾವು ಮುಚ್ಚುವುದು ಎರಡೂ ಬಾಗಿಲುಗಳನ್ನು.

ಈಗ ಕಾಲದ ವಿಷಯ. ಫಿಲಿಪ್ ಜಿಂಬಾರ್ಡೊ ಮತ್ತು ಜಾನ್ ಬಾಯ್ಡ್ 1999ರಲ್ಲಿ 56 ಹೇಳಿಕೆಗಳ ಒಂದು ಅಳತೆಗೋಲು ತಂದರು. ಮನುಷ್ಯ ಕಾಲದ ಕಡೆಗೆ ಹೇಗೆ ಮುಖ ಮಾಡಿ ನಿಂತಿದ್ದಾನೆ ಎಂಬುದನ್ನು ಅದು ಐದು ಬಗೆಯಾಗಿ ನೋಡುತ್ತದೆ. ಕಳೆದದ್ದನ್ನು ಕಹಿಯಾಗಿ ನೆನೆಯುವುದು, ಸಿಹಿಯಾಗಿ ನೆನೆಯುವುದು, ಇಂದಿನ ಸುಖದಲ್ಲಿ ಮುಳುಗುವುದು, ಇಂದು ನನ್ನ ಕೈಯಲ್ಲಿಲ್ಲ ಎಂದು ಕೈಚೆಲ್ಲುವುದು, ನಾಳೆಗಾಗಿ ದುಡಿಯುವುದು. ಇವುಗಳಲ್ಲಿ ಖಿನ್ನತೆ ಮತ್ತು ಆತಂಕದೊಡನೆ ಗಟ್ಟಿಯಾಗಿ ತಳಕು ಹಾಕಿಕೊಂಡಿರುವುದು ಕಹಿ ನೆನಪು. ಅದರ ಹಿಂದೆಯೇ ಕೈಚೆಲ್ಲುವ ಭಾವ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಬ್ರಿಟನ್ನಿನ ಆಂಡ್ರ್ಯೂ ಮೆಕ್ಲೌಡ್ ಮಾಡುತ್ತಿದ್ದ ಒಂದು ಸರಳ ಪರೀಕ್ಷೆ. ಎದುರಿಗೆ ಕುಳಿತವರಿಗೆ ಒಂದು ನಿಮಿಷ ಕೊಡುತ್ತಾರೆ. ಬರುವ ವಾರದಲ್ಲಿ ನೀವು ಆಸೆಯಿಂದ ಎದುರು ನೋಡುತ್ತಿರುವುದನ್ನೆಲ್ಲ ಹೇಳಿ. ಆಮೇಲೆ ಬರುವ ವರ್ಷದ್ದು ಹೇಳಿ. ಆಮೇಲೆ ಐದು, ಹತ್ತು ವರ್ಷ ಮುಂದಿನದು. ಹಾಗೆಯೇ, ಆಗಬಾರದೆಂದು ನೀವು ಅಂಜುತ್ತಿರುವುದನ್ನು ಹೇಳಿ. ಆತಂಕದವರ ಬಾಯಿಂದ ಅಂಜಿಕೆಯ ಪಟ್ಟಿ ಉದ್ದವಾಗಿ ಬರುತ್ತದೆ. ಆಸೆಯ ಪಟ್ಟಿ ಎಲ್ಲರಂತೆಯೇ ಇರುತ್ತದೆ. ಖಿನ್ನತೆಯವರಲ್ಲಿ ಆಸೆಯ ಪಟ್ಟಿಯೇ ಬಡವಾಗಿರುತ್ತದೆ. ಮುಂದಿನ ವಾರ ಎಂದರೆ ಒಂದೋ ಎರಡೋ ಹೇಳಿ ನಿಲ್ಲುತ್ತಾರೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಆತಂಕಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸವನ್ನು ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಪರೀಕ್ಷೆ ನಾನು ಕಾಣೆ. ಆತಂಕದ ಮನಸ್ಸಿಗೆ ನಾಳೆ ಭಯದಿಂದ ತುಂಬಿದೆ; ಖಿನ್ನತೆಯ ಮನಸ್ಸಿಗೆ ನಾಳೆ ಖಾಲಿಯಾಗಿದೆ.

ನೆನಪಿನ ಕಡೆಯಿಂದಲೂ ಇಂಥದೇ ಒಂದು ಸಂಗತಿ ಗೊತ್ತಾಗಿದೆ. 1986ರಲ್ಲಿ ಮಾರ್ಕ್ ವಿಲಿಯಮ್ಸ್ ಮತ್ತು ಸಂಗಡಿಗರು ಒಂದೊಂದು ಪದ ಕೊಟ್ಟು ಅದಕ್ಕೆ ಹೊಂದುವ ಒಂದು ಘಟನೆ ಹೇಳಿ ಎಂದು ಕೇಳಿದರು. ‘ಸಂತೋಷ’ ಎಂದರೆ ಸಾಮಾನ್ಯವಾಗಿ ಜನ ‘ಹೋದ ದೀಪಾವಳಿಯ ದಿನ ತಂಗಿ ಬಂದಿದ್ದಳಲ್ಲ, ಆವತ್ತು’ ಎಂಬಂಥ ದಿನಾಂಕದ ನೆನಪು ಹೇಳುತ್ತಾರೆ. ತೀರಾ ನೊಂದು ಸಾವಿನ ಅಂಚಿಗೆ ಹೋಗಿಬಂದವರು ‘ಮನೆಯವರ ಜೊತೆ ಇರುವಾಗ’ ಎಂಬಂಥ ಮೊತ್ತದ ಮಾತು ಹೇಳಿ ಸುಮ್ಮನಾಗುತ್ತಿದ್ದರು. ಘಟನೆಗಳೆಲ್ಲ ಕರಗಿ ಒಂದು ಮುದ್ದೆಯಾಗಿರುತ್ತವೆ. ಹಿಂದಿನ ದಿನಗಳು ಮುದ್ದೆಯಾದವರಿಗೆ ಮುಂದಿನ ದಿನಗಳನ್ನೂ ಬಿಡಿಬಿಡಿಯಾಗಿ ಕಾಣುವುದು ಕಷ್ಟ. ಏಕೆಂದರೆ ನಾಳೆಯನ್ನು ಕಲ್ಪಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನು ನಾವು ನೆನಪಿನ ಉಗ್ರಾಣದಿಂದಲೇ ತೆಗೆಯುತ್ತೇವೆ.

ಸೂಕ್ಷ್ಮತೆ, ಕಾಲ ಇವೆರಡನ್ನೂ ಸೇರಿಸಿದರೆ ನನ್ನ ವಾದ ಸ್ಪಷ್ಟವಾಗುತ್ತದೆ. ಸೂಕ್ಷ್ಮ ಮನಸ್ಸು ಎಂದರೆ ಬಂದದ್ದನ್ನು ಹೆಚ್ಚು ಹೊತ್ತು, ಹೆಚ್ಚು ಆಳದಲ್ಲಿ ಅರೆಯುವ ಮನಸ್ಸು. ಅರೆಯುವ ಕಲ್ಲಿಗೆ ಏನು ಹಾಕುತ್ತೇವೋ ಅದೇ ನುಣ್ಣಗಾಗುತ್ತದೆ. ಹಳೆಯ ಅವಮಾನವನ್ನು ಹಾಕಿದರೆ ಅದು ಅವಮಾನವನ್ನೇ ಅರೆಯುತ್ತದೆ. ಮೂರು ವರ್ಷದಾಚೆಯ, ಗೆದ್ದರೆ ಎಲ್ಲ, ಸೋತರೆ ಏನೂ ಇಲ್ಲ ಎಂಬಂಥ ಒಂದೇ ಒಂದು ನಾಳೆಯನ್ನು ಹಾಕಿದರೆ ಭಯವನ್ನು ಅರೆಯುತ್ತದೆ. ಕರ್ನಾಟಕದ ಊರುಗಳಲ್ಲಿ ಒಂದು ಕಾಲಕ್ಕೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಓದಿದ ದೆವ್ವ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ಸಮಾಧಾನ. ಆತಂಕದ ಮನೆಯಲ್ಲಿ ಆ ಬರಹಕ್ಕೆ ಬೇರೆಯೇ ಅರ್ಥ. ಒಳಗಿರುವವರು ರಾತ್ರಿಯೆಲ್ಲ ಎದ್ದು ಕುಳಿತು ಆ ನಾಳೆಗಾಗಿ ಕಾಯುತ್ತಿರುತ್ತಾರೆ.

ಈ ನಾಳೆಯನ್ನು ಹೊರಗಿನವರು ಕಟ್ಟುತ್ತಾರೆ ಎಂದೆ. ಅದಕ್ಕೆ ಪೀಳಮೇಡಿನಿಂದ ತಿರುಪ್ಪೂರಿನವರೆಗೆ, ಅಲ್ಲಿಂದ ಈರೋಡು, ದಿಂಡಿಗಲ್ಲಿನವರೆಗೆ ಹರಡಿದ ನೂಲಿನ ಸೀಮೆಯ ನಡುವೆಯೇ ಸಾಕ್ಷಿ ಇದೆ. ಈ ಸೀಮೆಯ ಹಲವು ಮಿಲ್ಲುಗಳಲ್ಲಿ ‘ಸುಮಂಗಲಿ ತಿಟ್ಟಂ’ ಎಂಬ ಪದ್ಧತಿ ಬೆಳೆಯಿತು. ತಿಟ್ಟಂ ಎಂದರೆ ಯೋಜನೆ. ಹದಿಹರೆಯದ ಹುಡುಗಿಯರನ್ನು, ಹೆಚ್ಚಾಗಿ ದಕ್ಷಿಣ ಜಿಲ್ಲೆಗಳ ಬಡ ಮತ್ತು ದಲಿತ ಕುಟುಂಬಗಳವರನ್ನು, ಕರೆತಂದು ಮಿಲ್ಲಿನ ಹಾಸ್ಟೆಲ್ಲಿನಲ್ಲಿ ಇಡುತ್ತಾರೆ. ಸಾಮಾನ್ಯವಾಗಿ ಮೂರು ವರ್ಷದ ಕರಾರು. ದಿನದ ಕೂಲಿ ಕಡಿಮೆ. ಕೊನೆಗೆ ಮದುವೆಗೆಂದು ಒಂದು ಗಂಟು ಹಣ. ನಡುವೆ ಬಿಟ್ಟು ಹೋದರೆ ಆ ಗಂಟು ಕೈಗೆ ಸಿಗುವುದೇ ಅನುಮಾನ. ನೆದರ್ಲೆಂಡ್ಸ್‌ನ ಎರಡು ಸಂಸ್ಥೆಗಳು 2011ರಲ್ಲಿ ಪ್ರಕಟಿಸಿದ ವರದಿ ಇದನ್ನು ಜಗತ್ತಿನ ಮುಂದಿಟ್ಟಿತು. ಅದಕ್ಕೂ ಮೊದಲೇ ತಮಿಳುನಾಡಿನ ಕಾರ್ಮಿಕ ಸಂಘಟನೆಗಳು ದನಿ ಎತ್ತಿದ್ದವು. ಕೂಲಿ, ದುಡಿತದ ಗಂಟೆ, ಹೊರಗೆ ಹೋಗಲು ಬಿಡದ ಹಾಸ್ಟೆಲ್ಲು ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಕಾಲದ ದೃಷ್ಟಿಯಿಂದ ಇದನ್ನು ನೋಡಿದವರು ಕಡಿಮೆ. ಈ ಕರಾರು ಹದಿನಾರರ ಹುಡುಗಿಯ ಕೈಯಿಂದ ಸಾವಿರ ದಿನಗಳನ್ನು ತೆಗೆದುಕೊಂಡು, ಅವಕ್ಕೆಲ್ಲ ಬದಲಾಗಿ ಸಾವಿರದೊಂದನೆಯ ದಿನವನ್ನು ತೋರಿಸುತ್ತದೆ. ಜ್ವರ ಬಂದರೆ, ಮನೆಯಲ್ಲಿ ಸಾವಾದರೆ, ಮೇಲ್ವಿಚಾರಕ ಕಿರುಕುಳ ಕೊಟ್ಟರೆ, ಎದ್ದು ಹೋಗುವ ಪ್ರತಿ ಯೋಚನೆಯ ಎದುರಿಗೂ ಆ ಗಂಟು ನಿಲ್ಲುತ್ತದೆ. ಇಂದು ಎಂಬುದು ಅವಳದಲ್ಲ. ನಾಳೆ ಎಂಬುದು ಇನ್ನೊಬ್ಬರ ಪೆಟ್ಟಿಗೆಯಲ್ಲಿದೆ. ಇಂಥಲ್ಲಿ ಬದುಕುವವಳು ‘ನನ್ನ ಕೈಯಲ್ಲೇನಿದೆ’ ಎಂದರೆ ಅದನ್ನು ಮನೋಭಾವದ ದೋಷ ಎಂದು ಬರೆದುಕೊಳ್ಳುವುದು ಅನ್ಯಾಯ. ಅವಳು ತನ್ನ ಸ್ಥಿತಿಯನ್ನು ಸರಿಯಾಗಿಯೇ ಓದಿದ್ದಾಳೆ.

ಹಣ ಬರುವ ಹೊತ್ತು ಮನಸ್ಸನ್ನು ಹೇಗೆ ಬಿಗಿಯುತ್ತದೆ ಎಂಬುದಕ್ಕೆ ತಮಿಳುನಾಡಿನದೇ ಇನ್ನೊಂದು ಪ್ರಸಿದ್ಧ ಅಧ್ಯಯನವಿದೆ. ಆನಂದಿ ಮಣಿ, ಸೆಂದಿಲ್ ಮುಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವ್ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ವಿಳುಪ್ಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಕಬ್ಬಿನವರಿಗೆ ವರ್ಷದ ಆದಾಯ ಹೆಚ್ಚುಕಡಿಮೆ ಒಂದೇ ಸಲ ಬರುತ್ತದೆ. ಕಟಾವಿಗೆ ಮೊದಲು ಅಡವು, ಕೈಸಾಲ. ಆಮೇಲೆ ಸ್ವಲ್ಪ ಉಸಿರು. ಅದೇ ರೈತ, ಅದೇ ತಲೆ, ಆದರೆ ಹಣ ಬರುವ ಮೊದಲಿನ ಪರೀಕ್ಷೆಯಲ್ಲಿ ಯೋಚಿಸುವ ಶಕ್ತಿ ಕುಗ್ಗಿತ್ತು. ಇದು ಖಿನ್ನತೆಯನ್ನು ಅಳೆದ ಅಧ್ಯಯನವಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಒಬ್ಬನೇ ಮನುಷ್ಯ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರಾಗುತ್ತಾನೆ ಎಂದು ಅದು ತೋರಿಸಿದ ಮೇಲೆ, ‘ಅವನ ಸ್ವಭಾವವೇ ಹಾಗೆ’ ಎಂಬ ತೀರ್ಪು ಕೊಡುವ ಮೊದಲು ನಾವು ಸ್ವಲ್ಪ ತಡೆಯಬೇಕಾಗುತ್ತದೆ.

ನಾಳೆಯನ್ನು ಹತ್ತಿರ ತಂದರೆ ಏನಾಗುತ್ತದೆ ಎಂಬುದಕ್ಕೂ ಇದೇ ರಾಜ್ಯ ಉತ್ತರ ಕೊಟ್ಟಿದೆ. ಹತ್ತನೇ, ಹನ್ನೆರಡನೇ ತರಗತಿಯ ಫಲಿತಾಂಶದ ವಾರ ತಮಿಳುನಾಡಿನಲ್ಲಿ ಮಕ್ಕಳ ಸಾವಿನ ವಾರವೂ ಆಗಿಬಿಟ್ಟಿತ್ತು. ಚೆನ್ನೈನಲ್ಲಿ 1986ರಲ್ಲಿ ಆತ್ಮಹತ್ಯೆ ತಡೆಗೆಂದು ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಸರ್ಕಾರದ ಮುಂದೆ ಒಂದು ಸಣ್ಣ ಬೇಡಿಕೆ ಇಟ್ಟರು. ಫೇಲಾದ ವಿದ್ಯಾರ್ಥಿ ಒಂದು ವರ್ಷ ಕಾಯುವಂತಾಗಬಾರದು. ಬೇಗನೆ ಮರುಪರೀಕ್ಷೆ ಇಟ್ಟು, ಪಾಸಾದರೆ ಅದೇ ವರ್ಷ ಮುಂದಿನ ತರಗತಿಗೆ ಸೇರುವಂತೆ ಮಾಡಿ. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯ ಅದನ್ನು ಒಪ್ಪಿತು. ಪಠ್ಯ ಬದಲಾಗಲಿಲ್ಲ, ಪಾಸಿನ ಅಂಕ ಇಳಿಯಲಿಲ್ಲ, ಯಾವ ಮಗುವಿನ ಸ್ವಭಾವವನ್ನೂ ಯಾರೂ ತಿದ್ದಲಿಲ್ಲ. ಬದಲಾದದ್ದು ತಾರೀಖು ಮಾತ್ರ. ಪರೀಕ್ಷೆಯಲ್ಲಿ ಸೋತ ಕಾರಣಕ್ಕೆ ಆಗುತ್ತಿದ್ದ ಆತ್ಮಹತ್ಯೆಗಳು ನಂತರದ ವರ್ಷಗಳಲ್ಲಿ ಆ ರಾಜ್ಯದಲ್ಲಿ ಇಳಿದವು. ಹನ್ನೆರಡು ತಿಂಗಳ ಗೋಡೆಯನ್ನು ಕೆಲವೇ ವಾರಗಳ ಹೊಸಿಲಾಗಿ ಮಾಡಿದ್ದಕ್ಕೆ ಸಿಕ್ಕ ಫಲ ಇದು. ಕರ್ನಾಟಕವೂ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷ ಮೂರು ಪರೀಕ್ಷೆ ನಡೆಸಿ, ಪರೀಕ್ಷೆ-1, 2, 3 ಎಂದು ಹೆಸರಿಟ್ಟು, ‘ಪೂರಕ ಪರೀಕ್ಷೆ’ ಎಂಬ ಪದವನ್ನೇ ಕೈಬಿಟ್ಟಿತು. ಎಷ್ಟು ಸಲ ನಡೆಸಬೇಕು, ಮೇಷ್ಟರುಗಳಿಗೆ ಎಷ್ಟು ಹೊರೆ ಎಂಬ ಚರ್ಚೆ ನ್ಯಾಯವಾದದ್ದೇ. ಆದರೆ ‘ಮಕ್ಕಳನ್ನು ಮೆತ್ತಗೆ ಮಾಡುತ್ತಿದ್ದೀರಿ’ ಎಂಬ ಟೀಕೆಯನ್ನು ನಾನು ಒಪ್ಪಲಾರೆ. ಅದೇ ಪ್ರಶ್ನೆಪತ್ರಿಕೆಯ ಮಟ್ಟ, ಅದೇ ಓದು. ಸೋತವನು ಮತ್ತೆ ಏಳಲು ಬೇಕಾದ ಕಾಲವನ್ನು ಶಿಕ್ಷೆಯಾಗಿ ಉದ್ದ ಮಾಡುವುದರಿಂದ ಯಾರ ಕಲಿಕೆಯೂ ಹೆಚ್ಚಿಲ್ಲ.

ಇಲ್ಲಿ ಓದುಗರು ಎತ್ತಬಹುದಾದ ಕೆಲವು ಆಕ್ಷೇಪಗಳಿವೆ. ಅವು ಗಟ್ಟಿಯಾದವು. ಮೊದಲನೆಯದು, ಕಾರಣ ಯಾವುದು, ಪರಿಣಾಮ ಯಾವುದು ಎಂಬ ಪ್ರಶ್ನೆ. ಖಿನ್ನತೆ ಬಂದವರಿಗೆ ಹಿಂದಿನದೆಲ್ಲ ಕಹಿಯಾಗಿ, ಮುಂದಿನದೆಲ್ಲ ಕಪ್ಪಾಗಿ ಕಾಣುವುದು ಸಹಜ. ಹಾಗಿದ್ದಾಗ ಕಾಲದೃಷ್ಟಿಯೇ ಕಾಯಿಲೆ ತಂದಿತೆನ್ನುವುದು ಹೇಗೆ? ಪ್ರಶ್ನೆಪಟ್ಟಿ ತುಂಬಿಸುವ ಅಧ್ಯಯನಗಳ ಮಟ್ಟಿಗೆ ಈ ಆಕ್ಷೇಪ ಸರಿ, ಅವುಗಳಿಂದಷ್ಟೇ ಏನನ್ನೂ ಸಾಧಿಸಲಾಗದು. ಆದರೆ ಮನೋವೈದ್ಯ ಆರನ್ ಬೆಕ್ ಮತ್ತು ಸಂಗಡಿಗರು ಆಸ್ಪತ್ರೆಗೆ ಸೇರಿದ ರೋಗಿಗಳನ್ನು ಐದರಿಂದ ಹತ್ತು ವರ್ಷ ಹಿಂಬಾಲಿಸಿ 1985ರಲ್ಲಿ ಕೊಟ್ಟ ವರದಿಯಲ್ಲಿ, ಮುಂದೇನೂ ಇಲ್ಲವೆಂಬ ಭಾವ ಹೆಚ್ಚಿದ್ದವರೇ ಮುಂದೆ ಹೆಚ್ಚಾಗಿ ಆತ್ಮಹತ್ಯೆಗೆ ಬಲಿಯಾದರು. ಖಿನ್ನತೆಯ ತೀವ್ರತೆಗಿಂತ ಆ ಭಾವವೇ ಹೆಚ್ಚು ಸೂಚಕವಾಗಿತ್ತು. ಮರುಪರೀಕ್ಷೆಯ ವಿಷಯದಲ್ಲಂತೂ ಯಾರ ಮನೋಭಾವವನ್ನೂ ಅಳೆಯಲಿಲ್ಲ, ಕಾಲವನ್ನೇ ಬದಲಿಸಿದರು. ಎರಡೂ ಕಡೆಗೆ ಹರಿಯುವ ಸಂಬಂಧ ಇದು ಎಂದು ನಾನು ತಿಳಿದಿದ್ದೇನೆ. ಎರಡು ಕಡೆಯಿಂದ ಹರಿಯುವ ನೀರನ್ನು ಒಂದು ಕಡೆ ತಡೆದರೂ ಮಟ್ಟ ಇಳಿಯುತ್ತದೆ.

ಎರಡನೆಯದು, ಸೂಕ್ಷ್ಮತೆ ಎಂಬುದು ಹಳೆಯ ಚಿಂತೆಯ ಸ್ವಭಾವಕ್ಕೇ ಇಟ್ಟ ಹೊಸ ಹೆಸರಲ್ಲವೇ ಎಂಬುದು. ಭಾಗಶಃ ಹೌದು, ಎರಡೂ ಅಳತೆಗಳು ಒಂದರ ಮೇಲೊಂದು ಹಾಯುತ್ತವೆ. ಲಂಡನ್ನಿನ ಹುಡುಗಿಯರ ಫಲಿತಾಂಶ ಇಲ್ಲದಿದ್ದರೆ ನಾನೂ ಇದನ್ನು ಅಲ್ಲಿಗೇ ಬಿಡುತ್ತಿದ್ದೆ. ಚಿಂತೆ ಮಾತ್ರವೇ ಆಗಿದ್ದರೆ ಒಳ್ಳೆಯದಕ್ಕೂ ಅಷ್ಟು ಚುರುಕಾಗಿ ಓಗೊಡಬೇಕಿರಲಿಲ್ಲ.

ಮೂರನೆಯದು ನಮ್ಮ ನಾಡಿನೊಳಗಿನಿಂದಲೇ ಬರುವ ಆಕ್ಷೇಪ, ಮತ್ತು ನನಗೆ ಬಹಳ ಯೋಚನೆ ಹಚ್ಚಿದ್ದು. ಅಮೆರಿಕದ ಕಾಲೇಜು ಹುಡುಗರ ಮೇಲೆ ತಯಾರಾದ ಅಳತೆಗೋಲು ‘ಆಗುವುದೆಲ್ಲ ಆಗಿಯೇ ತೀರುತ್ತದೆ’ ಎಂಬ ಮಾತಿಗೆ ಅಂಕ ಕೊಟ್ಟು ಅದನ್ನು ಅಪಾಯದ ಗುರುತು ಎನ್ನುತ್ತದೆ. ಹಣೆಬರಹ, ಋಣಾನುಬಂಧ, ದೇವರಿಟ್ಟ ಹಾಗೆ ಎನ್ನುತ್ತಲೇ ಎಷ್ಟೋ ಜನ ಬೆಟ್ಟದಂಥ ದುಃಖವನ್ನು ದಾಟಿದ್ದಾರಲ್ಲ? ದಾಟಿದ್ದಾರೆ, ನಿಜ. ಆದರೆ ಈ ಮಾತನ್ನು ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂದು ಗಮನಿಸಿ. ಬೆಳೆ ಹೋದ ಮೇಲೆ, ಸಾವಾದ ಮೇಲೆ ‘ಹಣೆಬರಹ’ ಎಂದರೆ ಅದು ತಪ್ಪಿನ ಹೊರೆಯನ್ನು ಹೆಗಲಿನಿಂದ ಇಳಿಸುತ್ತದೆ. ಸೂಕ್ಷ್ಮ ಮನಸ್ಸಿಗೆ ಅದು ದೊಡ್ಡ ಔಷಧ, ಏಕೆಂದರೆ ತನ್ನನ್ನೇ ದೂರಿಕೊಳ್ಳುವುದರಲ್ಲಿ ಅದು ಮುಂದು. ಅದೇ ಮಾತನ್ನು ಇನ್ನೂ ನಡೆಯದ ಸಂಗತಿಗೆ ಆಡಿದರೆ ಕೈಗೆ ಹಗ್ಗ ಬೀಳುತ್ತದೆ. ‘ನನ್ನ ಹಣೆಬರಹವೇ ಇಷ್ಟು, ಇನ್ನೇನು ಓದಿ’ ಎನ್ನುವ ಹುಡುಗನಿಗೂ, ‘ಹಣೆಬರಹ, ಆಯ್ತು, ನಾಳೆ ಬಿತ್ತೋಣ’ ಎನ್ನುವ ರೈತನಿಗೂ ಅಜಗಜಾಂತರವಿದೆ. ಅಳತೆಗೋಲು ಇಬ್ಬರಿಗೂ ಒಂದೇ ಅಂಕ ಕೊಡಬಹುದು; ನಾವು ಕೊಡಬಾರದು.

ಇನ್ನು ಕೆಲವರು, ನಾಳೆಯ ಚಿಂತೆಯೇ ರೋಗವಾದರೆ ಇಂದಿನಲ್ಲಿ ಬದುಕುವುದನ್ನು ಕಲಿಸಿದರೆ ಸಾಲದೇ ಎನ್ನುತ್ತಾರೆ. ಉಸಿರಿನ ಮೇಲೆ ಗಮನವಿಡುವ ಅಭ್ಯಾಸ ಮರುಕಳಿಸುವ ಖಿನ್ನತೆಯನ್ನು ತಡೆಯಲು ನೆರವಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಕಂತು ಕಟ್ಟಬೇಕಾದವನಿಗೆ ಇಂದಿನಲ್ಲಿ ಬದುಕು ಎಂದರೆ ಅವನಿಗೆ ಕೇಳಿಸುವುದು ನಮ್ಮ ನಿರಾತಂಕ ಮಾತ್ರ. ಅಲ್ಲದೆ ನಾಳೆಗಾಗಿ ದುಡಿಯುವ ಸ್ವಭಾವ ಒಳ್ಳೆಯ ಓದಿಗೂ ಒಳ್ಳೆಯ ಆರೋಗ್ಯಕ್ಕೂ ಹೊಂದಿಕೊಂಡಿದೆ ಎಂದೇ ಅಧ್ಯಯನಗಳು ಹೇಳುತ್ತವೆ. ಕೆಡುಕಿರುವುದು ನಾಳೆಯಲ್ಲಿಲ್ಲ. ಅದು ತುಂಬ ದೂರ ಹೋದಾಗ, ಅದಕ್ಕೆ ಒಂದೇ ಬಾಗಿಲಿದ್ದಾಗ, ಆ ಬಾಗಿಲ ಕೀಲಿ ಬೇರೆಯವರ ಸೊಂಟದಲ್ಲಿದ್ದಾಗ ಅದು ಕೆಡುತ್ತದೆ. ಕಾಯಿಲೆ ತೀವ್ರವಾದವರಿಗೆ, ಹೆರಿಗೆಯ ನಂತರ ಕುಸಿದವರಿಗೆ, ಮನೆತನದಲ್ಲಿ ಕಾಯಿಲೆ ಹರಿದು ಬಂದವರಿಗೆ ವೈದ್ಯರೂ ಔಷಧಿಯೂ ಬೇಕೇಬೇಕು. ಈ ಲೇಖನದ ಒಂದು ಸಾಲನ್ನೂ ಅದರ ವಿರುದ್ಧ ಯಾರೂ ಬಳಸಬಾರದು.

ಚಿಕಿತ್ಸೆಯ ಒಳಗೂ ಕಾಲದ ಈ ತಿಳಿವಳಿಕೆ ಕೆಲಸ ಮಾಡುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಖಿನ್ನತೆ ತೀವ್ರವಾಗಿದ್ದ ಸುಮಾರು 500 ಮಂದಿಯ ಮೇಲೆ ನಡೆಸಿ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಪ್ತಸಲಹೆ ಕೊಟ್ಟವರು ಮನೋವೈದ್ಯರಾಗಿರಲಿಲ್ಲ, ತರಬೇತಿ ಪಡೆದ ಸ್ಥಳೀಯರು. ಆರೆಂಟು ಭೇಟಿ. ಬಾಲ್ಯದ ಕಹಿಯನ್ನು ಅಗೆಯಲಿಲ್ಲ, ಹತ್ತು ವರ್ಷದ ಗುರಿ ಕೇಳಲಿಲ್ಲ. ಮುಂದಿನ ಭೇಟಿಗೆ ಬರುವಷ್ಟರಲ್ಲಿ ಏನು ಮಾಡಬಹುದು ಎಂದು ಕೂತು ಬರೆದರು. ನಿಲ್ಲಿಸಿದ್ದ ಸಂಜೆಯ ನಡಿಗೆ, ಬಿಟ್ಟುಹೋಗಿದ್ದ ಗೆಳತಿಯ ಮನೆ, ಅಂಥವು. ಖಾಲಿಯಾದ ನಾಳೆಗೆ ಒಂದೊಂದಾಗಿ ಸಾಮಾನು ಜೋಡಿಸುವ ಕೆಲಸ ಅದು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಇವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರು.

ಹೀಗಿರುವಾಗ ಪೀಳಮೇಡಿನಲ್ಲಿ, ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಮಾಡಬೇಕಾದ್ದು ಬೇಕಾದಷ್ಟಿದೆ. ಮೂರು ವರ್ಷದ ಗಂಟು ಎಂಬ ಕರಾರು ಯಾವ ಹೆಸರಿನಲ್ಲಿದ್ದರೂ ನಿಲ್ಲಬೇಕು. ದುಡಿದ ಹಣ ತಿಂಗಳು ತಿಂಗಳು ದುಡಿದವಳ ಖಾತೆಗೇ ಹೋಗಬೇಕು. ಕಾಲೇಜುಗಳು ಒಂದು ವಿಷಯ ಉಳಿಸಿಕೊಂಡವರನ್ನು ಮತ್ತೆ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಿಸುವ ನಿಯಮವನ್ನು ಮತ್ತೊಮ್ಮೆ ನೋಡಬೇಕು. ಹಾಸ್ಟೆಲ್ ವಾರ್ಡನ್ನುಗಳು ಸೂಕ್ಷ್ಮ ಮಕ್ಕಳನ್ನು ಗುರುತಿಸುವುದು ಅವರನ್ನು ಗದರಲು ಆಗಬಾರದು. ಒಳ್ಳೆಯ ಮಾತು ಬೇಗ ನಾಟುವುದು ಅವರಿಗೇ. ಮನೆಗಳಲ್ಲಿ ಮಗ ಫೋನಿಗೆ ಸಿಕ್ಕಾಗ ‘ಪ್ಲೇಸ್‌ಮೆಂಟ್ ಏನಾಯ್ತು’ ಎಂದು ಕೇಳುವ ಮೊದಲು ಮೆಕ್ಲೌಡ್ ಅವರ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಕೇಳಬಹುದು: ‘ಈ ವಾರ ಏನಪ್ಪಾ ವಿಶೇಷ, ಯಾವುದಕ್ಕೆ ಕಾಯ್ತಾ ಇದ್ದೀಯ?’ ಉತ್ತರವೇ ಬಾರದ ವಾರಗಳು ಸಾಲಾಗಿ ಬಂದರೆ ಅದನ್ನು ಜ್ವರ ಏರಿದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಮಾತಿದೆ. ಕೊಯಮತ್ತೂರಿನ ಸೀಮೆಯಲ್ಲಿ ತಲೆಮಾರುಗಳಿಂದ ಮಗ್ಗದ ಮೇಲೆ ಬದುಕಿದ ದೇವಾಂಗರಲ್ಲಿ ಅನೇಕರು ಮನೆಯಲ್ಲಿ ಇಂದಿಗೂ ಕನ್ನಡ ಆಡುತ್ತಾರೆ, ಓದು-ಬರಹ ತಮಿಳಿನಲ್ಲಿ. ಕರ್ನಾಟಕದಿಂದ ಓದಿಗೂ ಕೆಲಸಕ್ಕೂ ಹೋಗುವವರಿಗೆ ತಮಿಳು ಅರೆಬರೆ. ದುಃಖ ಎಷ್ಟಿದ್ದರೂ ಅದು ಬಾಯಿಗೆ ಬರುವುದು ಮನೆಮಾತಿನಲ್ಲಿ, ಅದೂ ಸುತ್ತುಬಳಸಿ. ಎದೆ ಡವಡವ ಅನ್ನುತ್ತೆ, ತಲೆ ಭಾರ, ಯಾಕೋ ಬೇಜಾರು. ಈ ‘ಬೇಜಾರು’ ಎಂಬ ಒಂದೇ ಪದದೊಳಗೆ ನಾವು ಮುನಿಸನ್ನೂ ಮಂಕನ್ನೂ ತೀರಾ ಕುಸಿತವನ್ನೂ ತುಂಬಿಟ್ಟಿದ್ದೇವೆ. ಕೇಳುವವರಿಗೆ ಆ ಪದದ ಒಳಗಿನ ಪದರಗಳು ಗೊತ್ತಿರಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ನಿಮ್ಹಾನ್ಸ್ ಮುನ್ನಡೆಸುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ತಮಿಳಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ದೂರದ ಊರಿನ ಹಾಸ್ಟೆಲ್ಲಿನಲ್ಲಿರುವ ನಿಮ್ಮ ಮಗನಿಗೋ ಮಗಳಿಗೋ ಈ ಸಂಖ್ಯೆಯನ್ನು ಇವತ್ತೇ ಕಳಿಸಿ.